ಹಳೇ ದರ, ಹೊಸ ತಾರೀಖು

"ನಿಮ್ಮ ಮಾಮಾ ಹಿಂಗ ಮಾಡ್ತಾರ ಅಂತ ತಿಳಿದಿದ್ದಿಲ್ಲ ಯವ್ವಾ."

ಕಾಕಾ ಇಷ್ಟೇ ಹೇಳಿ ಫೋನ್ ಇಟ್ಟರು. 2024ರ ನವೆಂಬರ್ 14, ಗುರುವಾರ. ಬೆಂಗಳೂರಿನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಕಾಕಾ ಸಿಟ್ಟಿನ ಮನುಷ್ಯ ಅಲ್ಲ. ಸಿಟ್ಟು ಬಂದರೆ ಜೋರಾಗಿ ಬೈದು ಹತ್ತು ನಿಮಿಷಕ್ಕೆ ಚಹಾ ಕುಡಿಯೋಣ ಬಾ ಅನ್ನೋರು. ಅವತ್ತು ಬೈಯಲಿಲ್ಲ. ಅದಕ್ಕೇ ಹೆದರಿಕೆ ಆಯಿತು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಸುರಪುರ ತಾಲ್ಲೂಕಿನಲ್ಲಿ ಹೊಲ, ನಾರಾಯಣಪುರ ಎಡದಂಡೆ ಕಾಲುವೆಯ ನೀರು, ನಾಲ್ಕು ಎಕರೆ ಹತ್ತಿ. ಮಾಮಾ ನಮ್ಮವ್ವನ ಅಣ್ಣ. ಶಹಾಪುರದಲ್ಲಿ ಅವರದೊಂದು ಅಡತ್ ಅಂಗಡಿ, ರೈತರಿಂದ ಹತ್ತಿ ತಗೊಂಡು ಜಿನ್ನಿಂಗ್ ಮಿಲ್ಲಿಗೆ ಕಳಿಸ್ತಾರೆ. ಇಬ್ಬರೂ ಬೀಗರು. ಕಾಕಾ ಎಷ್ಟೋ ವರ್ಷದಿಂದ ಮಾಮಾನ ಅಂಗಡಿಗೇ ಹತ್ತಿ ಹಾಕುತ್ತಿದ್ದರು. ಇವರಿಬ್ಬರ ನಡುವೆ ಆವತ್ತು ಮಾತು ನಿಂತಿದ್ದು ನಾನು ಬರೆದ ಒಂದೇ ಒಂದು ಸಾಲಿನಿಂದ. ಅದು ಗೊತ್ತಾಗೋಕೆ ನನಗೆ ರಾತ್ರಿ ಹನ್ನೊಂದರ ತನಕ ಬೇಕಾಯಿತು.

ಮೊದಲಿಂದ ಹೇಳ್ತೀನಿ.

ಹತ್ತಿ ಹಂಗಾಮು ಶುರುವಾದರೆ ಬೆಳಗ್ಗೆ ಆರರಿಂದ ಮಾಮಾನ ಫೋನ್ ಬಡಕೊಳ್ಳೋಕೆ ಶುರು. "ಇವತ್ತ ದರ ಎಷ್ಟದ್ರಿ?" ಹಲ್ಲುಜ್ಜುತ್ತಾ ಉತ್ತರ, ಊಟ ಮಾಡ್ತಾ ಉತ್ತರ. ನಾನು ವೆಬ್‌ಸೈಟ್ ಮಾಡುವ ಕೆಲಸದವಳು. ದಸರಾಕ್ಕೆ ಊರಿಗೆ ಹೋದಾಗ ಎರಡು ದಿನ ಕೂತು ಅಂಗಡಿಗೆ ಒಂದು ಪುಟ ಮಾಡಿಕೊಟ್ಟೆ. ಮೇಲೆ ಶಹಾಪುರದ ಬುದ್ಧ ಮಲಗಿದ ಬೆಟ್ಟದ ಫೋಟೋ. ಅದರ ಕೆಳಗೆ ಅಂಗಡಿಯ ವಿಳಾಸ. ಆಮೇಲೆ ಸರ್ಕಾರದ ಬೆಂಬಲ ಬೆಲೆ: 2024-25ರ ಹಂಗಾಮಿಗೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ 7,121, ಉದ್ದ ಎಳೆಗೆ 7,521 ರೂಪಾಯಿ. ಕೊನೆಗೆ ದಪ್ಪ ಅಕ್ಷರದಲ್ಲಿ "ಇಂದಿನ ದರ". ಮಾಮಾ ದಿನಾ ಬೆಳಗ್ಗೆ ತಮ್ಮ ಮೊಬೈಲ್‌ನಿಂದ ದರ ತುಂಬುತ್ತಾರೆ, ಅದು ಸರ್ವರ್‌ನಲ್ಲಿ ಒಂದು ಪುಟ್ಟ ಫೈಲಿಗೆ ಹೋಗಿ ಕೂರುತ್ತೆ, ಪುಟ ಆ ಫೈಲನ್ನು ಓದಿ ತೋರಿಸುತ್ತೆ.

ಕಾಕಾನ ಫೋನಿನಲ್ಲಿ ನಾನೇ ಅದನ್ನು ಸೇವ್ ಮಾಡಿಕೊಟ್ಟಿದ್ದೆ. ಆಗ ಏನು ಹೇಳಿದ್ದೆ ಅನ್ನೋದೂ ಚೆನ್ನಾಗಿ ನೆನಪಿದೆ. "ಇನ್ಮ್ಯಾಲೆ ಫೋನ್ ಮಾಡಿ ಕೇಳೂದು ಬ್ಯಾಡ್ರಿ ಕಾಕಾ. ಇದನ್ನ ಒತ್ತಿ ನೋಡ್ರಿ, ಸಾಕು."

ಸ್ವಲ್ಪ ದಿನಕ್ಕೆ ಪುಟ ತೆರೆಯೋದು ನಿಧಾನ ಅಂತ ದೂರು ಬಂತು. ಕಾಲುವೆ ಕಡೆ ಹಳ್ಳಿಗಳಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದರೆ ಹೆಚ್ಚು. ನನ್ನ ಪುಟದಲ್ಲಿ ಬೆಟ್ಟದ ಫೋಟೋ ದೊಡ್ಡದು, ಕನ್ನಡ ಫಾಂಟ್ ಇನ್ನೊಂದು. ಇಂಗ್ಲಿಷ್ ಫಾಂಟ್‌ನ ಹಾಗಲ್ಲ ನಮ್ಮದು, ಒತ್ತಕ್ಷರ, ಗುಣಿತ ಎಲ್ಲದಕ್ಕೂ ಬೇರೆ ಬೇರೆ ಆಕಾರ ಬೇಕಲ್ಲ, ಫೈಲ್ ಭಾರ. ಆ ಫಾಂಟನ್ನು ಬೇರೆ ಸೈಟಿಗೆ ಹೋದಾಗ ಫೋನ್ ಒಮ್ಮೆ ತಂದಿಟ್ಟುಕೊಂಡಿದ್ದರೂ ನನ್ನ ಪುಟಕ್ಕೆ ಅದು ಉಪಯೋಗಕ್ಕೆ ಬರೋದಿಲ್ಲ. 2020ರಿಂದ ಕ್ರೋಮ್ ಒಂದೊಂದು ಸೈಟಿನ ಗಂಟನ್ನು ಬೇರೆ ಬೇರೆಯಾಗಿಯೇ ಇಡುತ್ತೆ.

ಹಾಗಾಗಿ ನವೆಂಬರ್ 10ರ ಭಾನುವಾರ ಸರ್ವರ್‌ನಲ್ಲಿ ಒಂದು ನಿಯಮ ಬರೆದೆ. ಪುಟದ ಮೂಲ ಫೈಲ್ ಒಂದನ್ನು ಬಿಟ್ಟು ಉಳಿದ ಎಲ್ಲಕ್ಕೂ: ಕ್ಯಾಶ್-ಕಂಟ್ರೋಲ್, ಮ್ಯಾಕ್ಸ್-ಏಜ್ 604800. ಅಷ್ಟು ಸೆಕೆಂಡು ಅಂದರೆ ಏಳು ದಿನ. ಇದರ ಅರ್ಥ ಇಷ್ಟೇ. ಈ ಫೈಲ್ ಕೊಡ್ತಾ ಇದೀನಿ, ನಿನ್ನ ಹತ್ರ ಇಟ್ಕೋ, ಏಳು ದಿನ ನನ್ನನ್ನ ಕೇಳೋಕೆ ಬರಬೇಡ.

ಉಳಿದ ಎಲ್ಲಕ್ಕೂ. ಬೆಟ್ಟಕ್ಕೂ, ಫಾಂಟಿಗೂ, ದರದ ಫೈಲಿಗೂ.

ಸೋಮವಾರ ಬೆಳಗ್ಗೆ ಕಾಕಾ ಪುಟ ತೆರೆದರು. 7,400. ಬೆಂಬಲ ಬೆಲೆಗಿಂತ ಮೇಲಿದೆ, ಪರವಾಗಿಲ್ಲ ಅನಿಸಿತು. ಆದರೆ ಹತ್ತಿ ಬಿಡಿಸೋದು ಇನ್ನೂ ಮುಗಿದಿರಲಿಲ್ಲ. ಮಂಗಳವಾರ ನೋಡಿದರು, 7,400. ಬುಧವಾರ, 7,400. ದರ ಗಟ್ಟಿಯಾಗಿ ನಿಂತಿದೆ ಅಂತ ಖುಷಿ. ಗುರುವಾರ ಬೆಳಗ್ಗೆ ಟ್ರ್ಯಾಕ್ಟರ್ ಬಾಡಿಗೆ ಮಾಡಿ, ಟ್ರಾಲಿಗೆ ಹದಿನೆಂಟು ಕ್ವಿಂಟಲ್ ತುಂಬಿಸಿ, ಹೊರಡುವ ಮೊದಲು ಇನ್ನೊಂದು ಸಲ ನೋಡಿದರು. ಬೆರಳಲ್ಲಿ ಪುಟವನ್ನು ಕೆಳಗೆಳೆದು ರಿಫ್ರೆಶ್ ಕೂಡ ಮಾಡಿದರಂತೆ. ಅದನ್ನೂ ನಾನೇ ಹೇಳಿಕೊಟ್ಟಿದ್ದೆ. 7,400.

ಶಹಾಪುರದ ಅಂಗಡಿಯಲ್ಲಿ ಹಲಗೆ ಮೇಲೆ ಸುಣ್ಣದ ಕಡ್ಡೀಲಿ ಬರೆದಿತ್ತು: 7,050. ದರ ಇಳಿದು ಎರಡು ದಿನ ಆಗಿತ್ತು. ಮಾಮಾ ಅದನ್ನು ಎರಡೂ ದಿನ ಸರಿಯಾಗೇ ತುಂಬಿದ್ದರು.

ಕಾಕಾ ಫೋನ್ ತೆಗೆದು ತೋರಿಸಿದರು. "ಇಂದಿನ ದರ, 14 ನವೆಂಬರ್ 2024, ರೂ. 7,400." ಮಾಮಾ ತಮ್ಮ ಫೋನ್ ತೋರಿಸಿದರು. ಅದೇ ಪುಟ, ಅದೇ ಬೆಟ್ಟ, ಅದೇ ತಾರೀಖು, 7,050. ಅಂಗಡಿ ಮುಂದೆ ಹತ್ತು ಮಂದಿ ನಿಂತಿದ್ದರು. ಫೋನ್‌ನಾಗ ಒಂದು ದರ, ಅಂಗಡ್ಯಾಗ ಒಂದು ದರ ಅಂತ ಯಾರೋ ಅಂದರಂತೆ. ತುಂಬಿದ ಟ್ರಾಲಿ ವಾಪಸ್ ಒಯ್ಯೋಕಾಗುತ್ತಾ? ಕೂಲಿಯವರಿಗೆ ದುಡ್ಡು ಕೊಡೋದಿತ್ತು. ಕ್ವಿಂಟಲಿಗೆ 350ರಂತೆ 6,300 ರೂಪಾಯಿ ಕಡಿಮೆ ತಗೊಂಡು ಕಾಕಾ ಮಾತಾಡದೆ ಹೊರಟರು. ದಾರಿಯಲ್ಲಿ ನನಗೆ ಆ ಫೋನ್.

ತಾರೀಖಿನ ವಿಷಯ ನೋಡಿ. ಇದು ನನ್ನ ಎರಡನೇ ತಪ್ಪು, ಮೊದಲನೇದಕ್ಕಿಂತ ಕೆಟ್ಟದ್ದು. "ಇಂದಿನ ದರ" ಪಕ್ಕದ ತಾರೀಖನ್ನು ನಾನು ದರದ ಫೈಲಿನಿಂದ ತಗೊಂಡಿರಲಿಲ್ಲ. ಫೋನಿನ ಗಡಿಯಾರದಿಂದ ತಗೊಂಡಿದ್ದೆ. ಹಾಗಾಗಿ ಸೋಮವಾರದ ದರಕ್ಕೆ ಫೋನ್ ದಿನಾ ಹೊಸ ತಾರೀಖಿನ ಅಂಗಿ ತೊಡಿಸಿ ನಿಲ್ಲಿಸುತ್ತಿತ್ತು. ಬರೀ ಹಳೇ ದರ ತೋರಿಸಿದ್ದರೆ ಕಾಕಾನಿಗೆ ಅನುಮಾನ ಬರುತ್ತಿತ್ತು.

ಸಂಜೆ ರೂಮಿಗೆ ಬಂದು ಲ್ಯಾಪ್‌ಟಾಪ್ ತೆರೆದೆ. ನನ್ನಲ್ಲಿ 7,050. ಹತ್ತು ಸಲ ನೋಡಿದರೂ 7,050. ನಮ್ಮ ಕೆಲಸದವರಿಗೆ ಗೊತ್ತಿರುವ ಪೆದ್ದುತನ ಇದು. ಡೆವಲಪರ್ ಟೂಲ್ಸ್‌ನಲ್ಲಿ ಕ್ಯಾಶ್ ನಿಲ್ಲಿಸುವ ಪೆಟ್ಟಿಗೆಗೆ ಟಿಕ್ ಹಾಕಿಕೊಂಡೇ ನಾನು ದಿನಾ ಕೆಲಸ ಮಾಡೋದು. ಅಂದರೆ ನನಗೆ ಕಾಣೋದು ಯಾವಾಗಲೂ ತಾಜಾ. ಜಗತ್ತಿನಲ್ಲಿ ಯಾರೂ ಆ ಟಿಕ್ ಹಾಕಿಕೊಂಡು ಪುಟ ನೋಡೋದಿಲ್ಲ. ಟಿಕ್ ತೆಗೆದು, ಮ್ಯಾಕ್ಸ್-ಏಜ್ ಸಾಲು ಕಣ್ಣಿಗೆ ಬಿದ್ದಾಗ ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು.

ಆದರೆ ಕಾಕಾ ರಿಫ್ರೆಶ್ ಮಾಡಿದ್ದರಲ್ಲ? ಇಲ್ಲೊಂದು ವಿಷಯ ಇದೆ, ನಿಮಗೂ ಉಪಯೋಗಕ್ಕೆ ಬರಬಹುದು. ಹಿಂದೆ ರಿಫ್ರೆಶ್ ಒತ್ತಿದರೆ ಬ್ರೌಸರ್ ಪುಟದ ಒಂದೊಂದು ಫೈಲಿಗೂ ಸರ್ವರ್ ಹತ್ರ ಹೋಗಿ "ಇದು ಬದಲಾಗಿದೆಯಾ?" ಅಂತ ಕೇಳುತ್ತಿತ್ತು. ಬಹುಪಾಲು ಉತ್ತರ "ಇಲ್ಲ". ಅಷ್ಟೂ ಓಡಾಟ ದಂಡ. 2017ರ ಜನವರಿಯಲ್ಲಿ ಕ್ರೋಮ್‌ನವರು ಇದನ್ನು ಬದಲಾಯಿಸಿದ್ದಾಗಿ ಪ್ರಕಟಿಸಿದರು. ಈಗ ರಿಫ್ರೆಶ್ ಮಾಡಿದರೆ ಕ್ರೋಮ್ ಖಾತ್ರಿ ಮಾಡಿಕೊಳ್ಳೋದು ಪುಟದ ಮೂಲ ಫೈಲನ್ನು ಮಾತ್ರ. ಪುಟದೊಳಗಿನ ಫೋಟೋ, ಫಾಂಟ್, ಡೇಟಾ ಫೈಲುಗಳ ಗಡುವು ಮುಗಿದಿಲ್ಲ ಅಂದರೆ ಕೈಲಿರುವುದನ್ನೇ ತೋರಿಸುತ್ತೆ. ಕಾಕಾನ ಫೋನ್ ಸರ್ವರ್ ತನಕ ಬಂದಿತ್ತು, ಮೂಲ ಪುಟದ ಬಗ್ಗೆ ಕೇಳಿತ್ತು, ದರದ ಬಗ್ಗೆ ಕೇಳಲಿಲ್ಲ. ಕೇಳಬೇಡ ಅಂತ ನಾನೇ ಹೇಳಿದ್ದೆನಲ್ಲ.

ಮಾಮಾನಿಗೆ ಫೋನ್ ಮಾಡಿದೆ. "ಮಾಮಾ, ತಪ್ಪು ನಂದು. ಕ್ಯಾಶ್ ಪ್ರಾಬ್ಲಂ ಅದು."

"ಕ್ಯಾಶ್ ಏನ್ ಪ್ರಾಬ್ಲಂ ಯವ್ವಾ? ನಾ ನಗದ ಎಣಿಸಿ ಕೊಟ್ಟೀನಿ ಬೀಗರಿಗೆ."

ಆ ಹೊತ್ತಲ್ಲೂ ನಗು ಬಂತು. ಕನ್ನಡದಲ್ಲಿ ಎರಡೂ ಕ್ಯಾಶೇ. ಒಂದು ಗಲ್ಲಾಪೆಟ್ಟಿಗೆಯಲ್ಲಿರೋದು, ಇನ್ನೊಂದು ಫೋನು ಮುಂದಿನ ಸಲಕ್ಕೆ ಅಂತ ಬಚ್ಚಿಟ್ಟುಕೊಂಡಿರೋದು. ಬಿಡಿಸಿ ಹೇಳಿದ ಮೇಲೆ ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಹಂಗಾರ ಈಗ ಸರಿ ಮಾಡಿದಿ?"

ಸರಿ ಮಾಡಿದ್ದೆ, ಸರ್ವರ್‌ನಲ್ಲಿ. ದರದ ಫೈಲಿಗೆ ಇದ್ದ ಏಳು ದಿನದ ಮಾತನ್ನು ಅಳಿಸೋಕೆ ಎರಡು ನಿಮಿಷ ಸಾಕಾಯಿತು. ಆದರೆ ಆ ಮಾತು ಈಗಾಗಲೇ ಯಾರ್ಯಾರ ಫೋನಿಗೆ ಹೋಗಿತ್ತೋ ಅವರಿಗೆ ನಾನು ಮಾತು ಬದಲಿಸಿದ್ದು ಗೊತ್ತಾಗೋದು ಹೇಗೆ? ಕೇಳೋಕೆ ಬಂದರೆ ತಾನೇ ಹೇಳೋದು. ಏಳು ದಿನ ಅವು ಬರೋದಿಲ್ಲ. ಬ್ರೌಸರ್‌ನಲ್ಲಿ ಕೊಟ್ಟ ಪ್ರತಿಯನ್ನು ವಾಪಸ್ ಕರೆಸಿಕೊಳ್ಳುವ ಫೋನ್ ನಂಬರ್ ಅಂತ ಒಂದಿಲ್ಲ. ಸುರಪುರದಲ್ಲಿ, ಹುಣಸಗಿಯಲ್ಲಿ, ವಡಗೇರಾದಲ್ಲಿ ಎಷ್ಟು ಫೋನುಗಳಲ್ಲಿ ಆ 7,400 ಕೂತಿತ್ತೋ! ಇನ್ನೊಬ್ಬ ಯಾರೋ ನಾಳೆ ಬೆಳಗ್ಗೆ ಟ್ರಾಲಿ ತುಂಬಿಸುತ್ತಿರಬಹುದು ಅಂತ ನೆನೆದು ಕೈ ಕಾಲು ತಣ್ಣಗಾಯಿತು.

ಉಪಾಯ ಒಂದೇ. ಹೆಸರು ಬದಲಿಸೋದು.

ಬ್ರೌಸರ್ ಒಂದು ಫೈಲನ್ನು ಗುರುತಿಸೋದು ಅದರ ವಿಳಾಸದಿಂದ. ಒಂದಕ್ಷರ ಬೇರೆ ಇದ್ದರೂ ಅದಕ್ಕೆ ಅದು ಬೇರೆ ಫೈಲ್. ನಮ್ಮ ಸುರಪುರವನ್ನೇ ತಗೊಳ್ಳಿ. ಊರಿನವರಿಗೆ ಸುರಪುರ. ಮೆಡೋಸ್ ಟೇಲರ್ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಕಾಲದಿಂದ ಇಂಗ್ಲಿಷ್ ಕಾಗದಗಳಲ್ಲಿ ಶೋರಾಪುರ. ಬೆಟ್ಟದ ಮೇಲಿನ ಟೇಲರ್ ಮಂಜಿಲ್ ನೋಡೋಕೆ ಯಾವ ಹೆಸರು ಹಿಡಿದು ಬಂದರೂ ನಾವು ದಾರಿ ತೋರಿಸ್ತೀವಿ. ಬ್ರೌಸರ್‌ಗೆ ಅಷ್ಟು ಸೌಜನ್ಯ ಇಲ್ಲ. ಅದಕ್ಕೆ ಇವೆರಡು ಬೇರೆ ಬೇರೆ ಊರು. ನಾನು ಅದೇ ಮೊಂಡುತನ ಉಪಯೋಗಿಸಿಕೊಂಡೆ. ದರದ ಫೈಲಿಗೆ ಬೇರೆ ಹೆಸರಿಟ್ಟು, ಮೂಲ ಪುಟದಲ್ಲಿ ಆ ಹೊಸ ಹೆಸರು ಬರೆದೆ. ಮೂಲ ಪುಟವನ್ನು ಹೇಗೂ ಫೋನು ಪ್ರತಿ ಸಲ ಕೇಳಿಯೇ ತೋರಿಸುತ್ತೆ. ಕೇಳಿದಾಗ ಹೊಸ ಪುಟ ಬರುತ್ತೆ, ಅದರಲ್ಲಿ ಹೊಸ ಹೆಸರು, ಆ ಹೆಸರಿನ ಫೈಲ್ ಫೋನಿನಲ್ಲಿ ಇಲ್ಲ, ಹಾಗಾಗಿ ಸರ್ವರ್‌ಗೆ ಬರಲೇಬೇಕು. ಹಳೇ 7,400 ಫೋನಿನ ಮೂಲೆಯಲ್ಲಿ ಯಾರೂ ಕೇಳದೆ ಬಿದ್ದಿರುತ್ತೆ. ಮೂಲ ಪುಟಕ್ಕೂ ಏಳು ದಿನ ಹಾಕಿಬಿಟ್ಟಿದ್ದರೆ ಈ ಬಾಗಿಲೂ ಮುಚ್ಚಿರುತ್ತಿತ್ತು. ಅದೊಂದು ಪುಣ್ಯ.

ಕಂಪ್ಯೂಟರ್ ಕೆಲಸದಲ್ಲಿ ಕಷ್ಟದ್ದು ಎರಡೇ, ಕ್ಯಾಶ್ ಯಾವಾಗ ಹಳತಾಯಿತು ಅಂತ ತಿಳಿಯೋದು ಮತ್ತು ಹೆಸರಿಡೋದು ಅನ್ನುವ ಚಟಾಕಿ ನಮ್ಮಲ್ಲಿ ಹಳೇದು. ನೆಟ್‌ಸ್ಕೇಪ್‌ನಲ್ಲಿದ್ದ ಫಿಲ್ ಕಾರ್ಲ್‌ಟನ್ ಹೇಳಿದ್ದು ಅಂತಾರೆ. ಕೆಲಸಕ್ಕೆ ಸೇರಿದ ಮೊದಲ ವರ್ಷದಿಂದ ಕೇಳಿ ನಕ್ಕಿದ್ದೀನಿ. ಆ ರಾತ್ರಿ ಒಂದನ್ನು ಸರಿಮಾಡೋಕೆ ಇನ್ನೊಂದನ್ನು ಹಿಡಿದು ಕೂತಿದ್ದೆ.

ಹೆಸರಿನ ಕಷ್ಟ ಇನ್ನೊಂದಿದೆ. ದರದ ಫೈಲಿಗೆ ಏಳು ದಿನದ ಬದಲು ನಾನು ಬರೆದ ಪದ "ನೋ-ಕ್ಯಾಶ್". ಹೆಸರು ಕೇಳಿದರೆ "ಇಟ್ಕೋಬೇಡ" ಅಂತ ಅನಿಸುತ್ತೆ ಅಲ್ವಾ? ಅಲ್ಲ. ಇಟ್ಕೋ, ಆದರೆ ತೋರಿಸುವ ಮೊದಲು ಪ್ರತಿ ಸಲ ನನ್ನನ್ನು ಕೇಳು ಅಂತ. ಇಟ್ಕೊಳ್ಳಲೇಬೇಡ ಅನ್ನೋದಕ್ಕೆ ಬೇರೆ ಪದ ಇದೆ, "ನೋ-ಸ್ಟೋರ್". ಬ್ಯಾಂಕಿನ ಖಾತೆ ವಿವರದಂಥ ಪುಟಕ್ಕೆ ಅದು ಸರಿ. ಇವೆರಡನ್ನು ಅದಲುಬದಲು ಮಾಡುವ ಸೀನಿಯರ್‌ಗಳನ್ನೂ ನೋಡಿದ್ದೀನಿ.

ಪ್ರತಿ ಸಲ ಕೇಳಿದರೆ ಮತ್ತೆ ನಿಧಾನ ಆಗಲ್ವಾ? ಫೈಲ್ ಕೊಡುವಾಗ ಸರ್ವರ್ ಅದಕ್ಕೊಂದು ಗುರುತು ಹಚ್ಚಿ ಕೊಡುತ್ತೆ, ಇ-ಟ್ಯಾಗ್ ಅಂತ. ಮುಂದಿನ ಸಲ ಫೋನು ಪೂರ್ತಿ ಫೈಲ್ ಕೇಳೋದಿಲ್ಲ. "ನನ್ನ ಹತ್ರ ಈ ಗುರುತಿನದು ಇದೆ, ನಡೆಯುತ್ತಾ?" ಅನ್ನುತ್ತೆ. ಬದಲಾಗದಿದ್ದರೆ ಸರ್ವರ್ 304 ಅನ್ನುವ ಸಂಖ್ಯೆ ಕಳಿಸುತ್ತೆ. ಬದಲಾಗಿಲ್ಲ, ನಿನ್ನ ಹತ್ರ ಇರೋದೇ ಸರಿ. ಫೈಲ್ ಬರೋದಿಲ್ಲ, ಉತ್ತರ ಮಾತ್ರ. ಒಂದು ಕಡ್ಡಿ ಸಿಗ್ನಲ್ಲಿನಲ್ಲೂ ದಾಟಿಬರುವಷ್ಟು ಚಿಕ್ಕದು. ಬದಲಾಗಿದ್ದರೆ ಮಾತ್ರ ಹೊಸ ಫೈಲ್, ಹೊಸ ಗುರುತು. ಊರು ಬಿಟ್ಟು ಬಂದವರಿಗೆಲ್ಲ ಈ ಲೆಕ್ಕ ಗೊತ್ತಿರೋದೇ. ದಿನಾ ರಾತ್ರಿ ಅವ್ವನಿಗೆ ಫೋನ್. "ಏನವ್ವಾ?" "ಏನಿಲ್ಲ, ಎಲ್ಲಾ ಆರಾಮ." ಹತ್ತು ಸೆಕೆಂಡಿನ ಮಾತು.

ಈ 304 ಹೊಸದೇನಲ್ಲ. 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲೇ ಇದೆ. ಇ-ಟ್ಯಾಗ್ ಮತ್ತು ಕ್ಯಾಶ್-ಕಂಟ್ರೋಲ್ ಮರುವರ್ಷ 1.1ರಲ್ಲಿ ಬಂದವು. ಈಗಿನ ನಿಯಮಗಳಿರೋದು 2022ರ ಆರ್‌ಎಫ್‌ಸಿ 9111ರಲ್ಲಿ. ಆ ವಾರ ಅದನ್ನು ಮೊದಲಿಂದ ಕೊನೆವರೆಗೆ ಓದಿದೆ. ಆರು ವರ್ಷದಿಂದ ಈ ಕೆಲಸ ಮಾಡಿಕೊಂಡು ಅವತ್ತೇ ಮೊದಲ ಸಲ ಪೂರ್ತಿ ಓದಿದ್ದು ಅಂತ ಹೇಳೋಕೆ ನಾಚಿಕೆ. ಅದರಲ್ಲಿ ನನ್ನನ್ನು ಹೆದರಿಸಿದ್ದು ಒಂದು ಮಾತು. ಸರ್ವರ್ ಗಡುವು ಹೇಳದೆ ಸುಮ್ಮನಿದ್ದರೆ ಬ್ರೌಸರ್ ತಾನೇ ಅಂದಾಜು ಮಾಡಬಹುದು. ಫೈಲ್ ಕೊನೇ ಸಲ ಬದಲಾಗಿ ಎಷ್ಟು ಕಾಲ ಆಗಿದೆಯೋ ಅದರ ಶೇ 10ರಷ್ಟು ಕಾಲ ಇಟ್ಟುಕೊಳ್ಳೋದು ಸಾಮಾನ್ಯ ಲೆಕ್ಕ. ನೂರು ದಿನ ಬದಲಾಗದ ಫೈಲನ್ನು ಇನ್ನೂ ಹತ್ತು ದಿನ ಕೇಳದೆ ನಂಬಬಹುದು. ನಾವು ಏನೂ ಹೇಳಿಲ್ಲ ಅಂದರೂ ಹೇಳಿದ ಹಾಗೇ ಆಗುತ್ತೆ.

ಈಗ ಪುಟ ಹೇಗಿದೆ ಅಂದರೆ, ಬುದ್ಧ ಮಲಗಿದ ಬೆಟ್ಟದ ಫೋಟೋಗೆ ಮತ್ತು ಫಾಂಟಿಗೆ ಒಂದು ವರ್ಷದ ಗಡುವು ಕೊಟ್ಟಿದ್ದೀನಿ. ಅವು ಬದಲಾಗೋದಿಲ್ಲ, ಬದಲಿಸಿದರೂ ಹೊಸ ಹೆಸರು ಕೊಟ್ಟೇ ಬದಲಿಸೋದು. ಬೆಂಬಲ ಬೆಲೆ ಹಂಗಾಮು ಪೂರ್ತಿ ಒಂದೇ, ಅದಕ್ಕೆ ಒಂದು ದಿನ. ದರಕ್ಕೆ ನೋ-ಕ್ಯಾಶ್. ಹಳೇದನ್ನು ತಕ್ಷಣ ತೋರಿಸಿ ಹಿಂದಿನಿಂದ ಹೊಸದನ್ನು ತಂದಿಟ್ಟುಕೊಳ್ಳುವ ಇನ್ನೊಂದು ವಿಧಾನವೂ ಇದೆ. ಸುದ್ದಿ ಪುಟಕ್ಕೆ ಅದು ಚಂದ. ಹತ್ತಿ ದರಕ್ಕೆ ಬೇಡ ಅನಿಸಿತು. ಕಾಕಾ ಮೊದಲು ಕಂಡ ನಂಬರ್ ನೋಡಿ ಫೋನ್ ಜೇಬಿಗೆ ಹಾಕೋರು.

ಉಳಿದಿದ್ದು ಸಿಗ್ನಲ್ ಇಲ್ಲದ ಹೊಲ. ಕೇಳದೆ ತೋರಿಸಬೇಡ ಅಂದ ಮೇಲೆ ಕೇಳೋಕೇ ಆಗದಿದ್ದರೆ ಏನು ತೋರಿಸೋದು? ಖಾಲಿ ಬಿಟ್ಟರೆ ಮಂದಿ ಬೈತಾರೆ. ಅದಕ್ಕೆ ಕೊನೇ ಸಲ ಬಂದ ದರವನ್ನು ಬೇರೆ ಬರೆದಿಟ್ಟು, ಮಾಮಾ ಅದನ್ನು ತುಂಬಿದ ದಿನ, ಹೊತ್ತು ಸಮೇತ ಬೂದು ಬಣ್ಣದಲ್ಲಿ ತೋರಿಸುತ್ತೆ. "ಸೋಮವಾರ ಬೆಳಗ್ಗೆ 9ರ ದರ. ಈಗಿನದು ಸಿಕ್ಕಿಲ್ಲ." ಫೋನಿನ ಗಡಿಯಾರದ ತಾರೀಖನ್ನು ಕಿತ್ತು ಹಾಕಿದ್ದೀನಿ.

ಪುಟ ಸರಿಯಾಯಿತು. ಕಾಕಾ ಸರಿಯಾಗಲಿಲ್ಲ. ಶುಕ್ರವಾರ ಅವರ ಖಾತೆಗೆ 6,300 ಹಾಕಿದೆ. ಐದು ನಿಮಿಷಕ್ಕೆ ಅಷ್ಟೂ ವಾಪಸ್ ಬಂತು, ಒಂದು ಮಾತಿಲ್ಲ. ಮಾಮಾ ಎರಡು ಸಲ ಫೋನ್ ಮಾಡಿದರೆ ಎತ್ತಲಿಲ್ಲವಂತೆ. ಎರಡನೇ ಬಾರಿ ಬಿಡಿಸಿದ ಹತ್ತಿ ಮನೆ ಪಡಸಾಲೆಯಲ್ಲಿ ಗುಡ್ಡೆಯಾಗಿ ಬಿದ್ದಿದೆ ಅಂತ ಅವ್ವ ಹೇಳಿದಳು. ಬೇರೆ ಅಂಗಡಿಗೆ ಹಾಕಿದರೆ ಸಂಬಂಧ ಮುರಿದ ಹಾಗೆ, ಮಾಮಾನ ಅಂಗಡಿಗೆ ಹಾಕೋಕೆ ಮನಸ್ಸಿಲ್ಲ.

ಡಿಸೆಂಬರ್ 30ಕ್ಕೆ ಎಳ್ಳಮಾಸಿ. ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಯಾದಗಿರಿಯಲ್ಲಿ ಇಳಿದು, ಶಹಾಪುರ ದಾಟಿ, ಮನೆಗೆ ಹೋಗದೆ ಸೀದಾ ಕಾಕಾನ ಊರಿಗೆ ಹೋದೆ. ಹಬ್ಬದ ದಿನ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತೆವು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಎಳ್ಳು ಹೋಳಿಗೆ. ಕಾಕಿ ಬಡಿಸುತ್ತಿದ್ದಳು. ನಾನು ಕಾಕಾನ ಫೋನ್ ಇಸಕೊಂಡು, ಹೇಗೆ ಆಯಿತು ಅಂತ ಮೊದಲಿಂದ ಹೇಳಿದೆ. ಏಳು ದಿನ ಕೇಳಬೇಡ ಅಂತ ನಾನೇ ಫೋನಿಗೆ ಹೇಳಿದ್ದು, ತಾರೀಖು ಸುಳ್ಳಾಗಿದ್ದು, ಮಾಮಾ ದಿನಾ ಸರಿಯಾಗೇ ತುಂಬಿದ್ದು. ಇ-ಟ್ಯಾಗ್ ಪುರಾಣ ಬಿಟ್ಟೆ.

ಕಾಕಾ ರೊಟ್ಟಿ ಮುರಿಯುತ್ತಾ ಕೇಳಿದರು. "ಅಂದ್ರ ನನಗೂ ಫೋನ್ ಮಾಡಬ್ಯಾಡ್ರಿ ಅಂದಿದ್ದಿ, ಫೋನಿಗೂ ಕೇಳಬ್ಯಾಡ ಅಂದಿದ್ದಿ?"

"ಹೂಂ ಕಾಕಾ."

"ಭಾರೀ ಶಾಣ್ಯಾಕಿ ಬಿಡು."

ಕೈ ತೊಳಕೊಂಡು ಬಂದು ಪುಟ ತೆರೆದರು. ಬೆಟ್ಟ ತಕ್ಷಣ ಬಂತು. ದರ ಒಂದು ಕ್ಷಣ ತಡವಾಗಿ ಬಂತು, ಪಕ್ಕದಲ್ಲಿ ಅವತ್ತಿನ ಬೆಳಗಿನ ಹೊತ್ತು. ಕಾಕಾ ಅದನ್ನೇ ನೋಡುತ್ತಾ ನಿಂತು, ಆಮೇಲೆ ಬದುವಿನ ಮೇಲೆ ಸಿಗ್ನಲ್ ಸಿಗುವ ಕಡೆ ನಡೆದು, ನಂಬರ್ ಒತ್ತಿ ಕಿವಿಗೆ ಹಿಡಿದರು.

"ಬೀಗರ, ನಾನ್ರಿ. ಹಬ್ಬದ ಊಟ ಆತೇನ್ರಿ? ... ಅದೇನರೇ ಇರಲಿ. ಇವತ್ತ ದರ ಎಷ್ಟದ್ರಿ?"

ಆ ಕಡೆಯಿಂದ ಮಾಮಾ ಹೇಳಿದ್ದು ನಮಗೂ ಕೇಳಿಸಿತು. ಮಾಮಾನ ದನಿ ಯಾವಾಗಲೂ ದೊಡ್ಡದು.

"ಫೋನ್‌ನಾಗ ಇದ್ದದ್ದೇ ಅದ ಬೀಗರ. ತುಂಬಿಸಿಕೊಂಡು ಬರ್ರಿ."